ಇದು ಎಷ್ಟನೇ ಕಾಪಿ, ಮಾರಾಯ್ರೇ? ಮನೆ ಕ್ಯಾಸೆಟ್ಟುಗಳ ದನಿ ಮತ್ತು ಕೊಟ್ಟು ತರುವ ಮರ್ಯಾದೆ

ನಮ್ಮ ಕೊಪ್ಪದ ಕಡೆ ಹಳೇ ಮನೆ ಬಿಚ್ಚುವಾಗ ಅಟ್ಟದಿಂದ ಎರಡು ಸಾಮಾನು ಖಾಯಂ ಇಳಿಯುತ್ತವೆ. ಒಂದು ಹಿತ್ತಾಳೆ ಪಾತ್ರೆ. ಇನ್ನೊಂದು ಬಿಸ್ಕತ್ತಿನ ತಗಡಿನ ಡಬ್ಬದಲ್ಲಿ ತುಂಬಿಟ್ಟ ಕ್ಯಾಸೆಟ್ಟು. ಪಾತ್ರೆಗೆ ಗಿರಾಕಿ ಸಿಗುತ್ತಾರೆ. ಕ್ಯಾಸೆಟ್ಟನ್ನು ಏನು ಮಾಡಬೇಕು ಅಂತ ಮನೆಯವರಿಗೆ ಗೊತ್ತಾಗುವುದಿಲ್ಲ.

ಅಂಗಡಿಯಿಂದ ತಂದ ಸಿನಿಮಾ ಹಾಡಿನ ಕ್ಯಾಸೆಟ್ಟಾದರೆ ಚಿಂತೆ ಇಲ್ಲ, ಆ ಹಾಡು ಫೋನಿನಲ್ಲೇ ಇದೆ. ಆದರೆ ಆ ಡಬ್ಬದಲ್ಲಿ ಮನೆಯವರೇ ರೆಕಾರ್ಡ್ ಮಾಡಿದ್ದೂ ಇರುತ್ತದೆ. ದೇವಸ್ಥಾನದಲ್ಲಿ ರಾತ್ರಿಯಿಡೀ ನಡೆದ ತಾಳಮದ್ದಳೆ (ವೇಷ, ಕುಣಿತ ಇಲ್ಲದೆ ಹಾಡು ಮಾತಿನಲ್ಲೇ ನಡೆಯುವ ಯಕ್ಷಗಾನ), ರಾಮನವಮಿಯ ಸಂಗೀತ ಕಚೇರಿ, ಮದುವೆ ಮನೆಯಲ್ಲಿ ಅಜ್ಜಿಯಂದಿರು ಹೇಳಿದ ಹಾಡು. ಇವು ಬೇರೆಲ್ಲೂ ಸಿಗುವುದಿಲ್ಲ. ಇದು ಗೊತ್ತಾದವರು ಈಗ ಒಬ್ಬರಿಗೊಬ್ಬರು ಫೋನ್ ಮಾಡಲು ಶುರು ಮಾಡಿದ್ದಾರೆ. "ಆ ವರ್ಷದ ತಾಳಮದ್ದಳೆ ನಿಮ್ಮಲ್ಲಿ ಉಂಟಂತೆ, ಒಂದು ಕಾಪಿ ಕೊಡಿ."

ಕೇಳುವವರಲ್ಲಿ ಜಾಸ್ತಿ ಜನ ಕ್ಯಾಸೆಟ್ ಕಾಲದಲ್ಲಿ ಚಿಕ್ಕ ಮಕ್ಕಳು. ಕೆಲವರು ಹುಟ್ಟಿರಲೂ ಇಲ್ಲ. ಕಾಪಿ ಕೊಡುವುದೆಂದರೆ ಫೋನಿನಲ್ಲಿ ಫಾರ್ವರ್ಡ್ ಮಾಡಿದಷ್ಟೇ ಸುಲಭ ಎಂದುಕೊಂಡಿರುತ್ತಾರೆ. ಕೊಟ್ಟದ್ದು ಕೇಳಿ, "ಇದೆಂಥ ದನಿ, ಗೊರ ಗೊರ ಅಂತದೆ" ಎಂದು ಬೇಜಾರು ಮಾಡಿಕೊಳ್ಳುತ್ತಾರೆ. ಕೊಟ್ಟವರಿಗೂ ಬೇಜಾರು. ಹಿಂದೆ ಕ್ಯಾಸೆಟ್ ಕೊಟ್ಟು ತರುವವರ ನಡುವೆ ಕೆಲವು ನಿಯಮ ಇದ್ದವು. ಯಾರೂ ಬರೆದಿಟ್ಟಿರಲಿಲ್ಲ. ಹೊರಗಿನಿಂದ ನೋಡಿದರೆ ಅವು ಸುಮ್ನೆ ಮಡಿವಂತಿಕೆಯ ಹಾಗೆ ಕಾಣುತ್ತವೆ. ರೀಲಿನ ಮೇಲೆ ದನಿ ಹೇಗೆ ಕೂರುತ್ತದೆ ಅಂತ ಗೊತ್ತಾದರೆ ಒಂದೊಂದಕ್ಕೂ ಕಾರಣ ಸಿಗುತ್ತದೆ.

ರೀಲಿನ ಮೇಲೆ ಏನಿದೆ?

ಈ ಕ್ಯಾಸೆಟ್ಟನ್ನು ಫಿಲಿಪ್ಸ್ ಕಂಪನಿ 1963ರಲ್ಲಿ ಬರ್ಲಿನ್ನಿನ ಪ್ರದರ್ಶನದಲ್ಲಿ ತೋರಿಸಿತು. ಮಾಡಿದ ತಂಡದ ಮುಖ್ಯಸ್ಥರು ಲೂ ಒಟೆನ್ಸ್. ಯಂತ್ರ ಎಷ್ಟು ಚಿಕ್ಕದಿರಬೇಕು ಎನ್ನುವುದಕ್ಕೆ ಅವರು ಕೋಟಿನ ಜೇಬಿನಲ್ಲಿ ಹಿಡಿಯುವ ಮರದ ತುಂಡೊಂದನ್ನು ಅಳತೆಗೆ ಇಟ್ಟುಕೊಂಡಿದ್ದರು. ಮುಂದೆ ನಮಗೆ ಬಂದ ತಾಪತ್ರಯ ಎಲ್ಲ ಆ ಜೇಬಿನ ಅಳತೆಯಿಂದಲೇ.

ರೀಲು ಎಂದರೆ ತೆಳುವಾದ ಪಾಲಿಯೆಸ್ಟರ್ ಪಟ್ಟಿ. ಅಗಲ 3.8 ಮಿಲಿಮೀಟರ್. ಅದರ ಒಂದು ಮುಖಕ್ಕೆ ಕಬ್ಬಿಣದ ಆಕ್ಸೈಡಿನ ಪುಡಿಯನ್ನು ಅಂಟಿನಲ್ಲಿ ಕಲಸಿ ಬಳಿದಿರುತ್ತಾರೆ. ಆ ಕಂದು ಬಣ್ಣ ತುಕ್ಕಿನದ್ದೇ ಜಾತಿ. ರೆಕಾರ್ಡ್ ಮಾಡುವಾಗ ಹೆಡ್ ಎನ್ನುವ ಪುಟ್ಟ ಅಯಸ್ಕಾಂತದ ಮುಂದೆ ಈ ಪಟ್ಟಿ ಹಾದುಹೋಗುತ್ತದೆ. ದನಿ ಏರಿಳಿದ ಹಾಗೆ ಅಯಸ್ಕಾಂತದ ಬಲವೂ ಏರಿಳಿಯುತ್ತದೆ, ಪುಡಿಯ ಕಣಗಳ ಅಯಸ್ಕಾಂತದ ದಿಕ್ಕು ಅದಕ್ಕೆ ತಕ್ಕಂತೆ ತಿರುಗಿ ಹಾಗೇ ನಿಲ್ಲುತ್ತದೆ. ಪ್ಲೇ ಮಾಡುವಾಗ ಇದರ ಉಲ್ಟಾ: ಕಣಗಳು ಹೆಡ್ಡಿನಲ್ಲಿ ಸಣ್ಣ ಕರೆಂಟು ಹುಟ್ಟಿಸುತ್ತವೆ, ಅದನ್ನು ದೊಡ್ಡದು ಮಾಡಿದರೆ ದನಿ.

ಜಾಗ ಎಷ್ಟು ಕಡಿಮೆ ನೋಡಿ. ಆ 3.8 ಮಿಲಿಮೀಟರಿನೊಳಗೆ ಎ ಸೈಡಿನ ಎಡ, ಬಲ, ಬಿ ಸೈಡಿನ ಎಡ, ಬಲ, ಹೀಗೆ ನಾಲ್ಕು ಸಾಲು ಕೂರಬೇಕು. ಒಂದು ಸಾಲು ಅಂದರೆ 0.6 ಮಿಲಿಮೀಟರ್. ರೀಲು ಓಡುವುದು ಸೆಕೆಂಡಿಗೆ 4.76 ಸೆಂಟಿಮೀಟರ್, ಇರುವೆ ಸಾಲಿನ ವೇಗ. ತಾಳದ ಕಿಣಿಯಂಥ ಚೂಪು ದನಿಯಲ್ಲಿ ಸೆಕೆಂಡಿಗೆ 10,000 ಕಂಪನ ಇರುವ ಭಾಗ ಇದೆ ಎಂದುಕೊಳ್ಳಿ. ಅಷ್ಟೂ ಕಂಪನ ಆ 4.76 ಸೆಂಟಿಮೀಟರಿನಲ್ಲೇ ಮುಗಿಯಬೇಕು. ಒಂದೊಂದಕ್ಕೆ ಸಿಗುವ ಜಾಗ 5 ಮೈಕ್ರಾನಿಗಿಂತ ಕಡಿಮೆ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ನಮ್ಮ ತಲೆಗೂದಲೇ ಸುಮಾರು 70 ಮೈಕ್ರಾನ್ ದಪ್ಪ. ಜಾತ್ರೆಯಲ್ಲಿ ಅಕ್ಕಿಕಾಳಿನ ಮೇಲೆ ಹೆಸರು ಬರೆದುಕೊಡುವವರನ್ನು ನೋಡಿದ್ದೀರಲ್ಲ? ನಮ್ಮ ಮನೆಯ ಟೂ-ಇನ್-ಒನ್, ಅಂದರೆ ರೇಡಿಯೋ ಸೇರಿದ ಟೇಪ್ ರೆಕಾರ್ಡರ್, ರಾತ್ರಿಯಿಡೀ ಅದೇ ಕೆಲಸ ಮಾಡುತ್ತಿತ್ತು.

ಇನ್ನು "ಸ್ಸ್..." ಎನ್ನುವ ಸದ್ದು. ಶೀಟಿನ ಮೇಲೆ ಮಳೆ ಬೀಳುವಾಗ ಒಂದೊಂದು ಹನಿ ಬೇರೆ ಬೇರೆ ಕೇಳುವುದಿಲ್ಲ, ಎಲ್ಲ ಸೇರಿ ಒಂದೇ ಸದ್ದು. ರೀಲಿನ ಮೇಲಿನ ಕೋಟ್ಯಂತರ ಕಣಗಳದ್ದೂ ಅದೇ ಕಥೆ. ಏನೂ ರೆಕಾರ್ಡ್ ಮಾಡದಿದ್ದರೂ ಅವುಗಳದ್ದೇ ಒಂದು ಗದ್ದಲ ಇರುತ್ತದೆ. ಎಷ್ಟು ಒಳ್ಳೆಯ ಕ್ಯಾಸೆಟ್ಟಾದರೂ ಇದು ತಪ್ಪಿದ್ದಲ್ಲ. ಹಾಡಿನ ದನಿ ಅದಕ್ಕಿಂತ ಎಷ್ಟು ಮೇಲೆ ಇದೆ ಎನ್ನುವುದಷ್ಟೇ ಲೆಕ್ಕ.

ಕಾಪಿಯ ಕಾಪಿಯ ಕಾಪಿ

ಪಹಣಿಯನ್ನು ಜೆರಾಕ್ಸ್ ಮಾಡಿಸಿ. ಆ ಜೆರಾಕ್ಸನ್ನು ಮತ್ತೆ ಜೆರಾಕ್ಸ್ ಮಾಡಿಸಿ. ಐದನೇ ಸಲಕ್ಕೆ ಸರ್ವೆ ನಂಬರಿನ 3 ಯಾವುದು 8 ಯಾವುದು ಗೊತ್ತಾಗುವುದಿಲ್ಲ. ಅಕ್ಷರ ಮಸುಕು, ಮೇಲಿಂದ ಕಪ್ಪು ಚುಕ್ಕೆ ಬೇರೆ. ಯಂತ್ರಕ್ಕೆ ಅಕ್ಷರ ಯಾವುದು ಕಲೆ ಯಾವುದು ಗೊತ್ತಿಲ್ಲ, ಎರಡನ್ನೂ ಶ್ರದ್ಧೆಯಿಂದ ನಕಲು ಮಾಡುತ್ತದೆ.

ಕ್ಯಾಸೆಟ್ಟಿನದ್ದೂ ಹೀಗೇ. ಕಚೇರಿಯಲ್ಲಿ ಯಂತ್ರ ಇಟ್ಟು ನೇರವಾಗಿ ಹಿಡಿದ ಕ್ಯಾಸೆಟ್ಟಿಗೆ ಮಾಸ್ಟರ್ ಎನ್ನುತ್ತಾರೆ. ಅದರಿಂದ ಮಾಡಿದ್ದು ಮೊದಲ ಕಾಪಿ, ಆ ಕಾಪಿಯಿಂದ ಮಾಡಿದ್ದು ಎರಡನೆಯದು. ಮಾಸ್ಟರಿನಲ್ಲಿ "ಸ್ಸ್" ಒಂದು ಪಾಲು ಇದೆ ಅಂದುಕೊಳ್ಳಿ. ಮೊದಲ ಕಾಪಿಯಲ್ಲಿ ಮಾಸ್ಟರಿನ ಸದ್ದೂ ಹೊಸ ರೀಲಿನ ಸದ್ದೂ ಸೇರಿ ಎರಡು ಪಾಲು. ಆಮೇಲೆ ಮೂರು, ನಾಲ್ಕು. ಎರಡು ಪಾಲಾದಾಗ ಸದ್ದು 3 ಡೆಸಿಬಲ್ ಏರುತ್ತದೆ. ಗಮನ ಕೊಟ್ಟರೆ ಮಾತ್ರ ಗೊತ್ತಾಗುವಷ್ಟು. ನಾಲ್ಕು ಪಾಲಿಗೆ 6 ಡೆಸಿಬಲ್, ಅದು ಎಲ್ಲರಿಗೂ ಕೇಳುತ್ತದೆ.

ನಿಜವಾದ ಹೊಡೆತ ಬೀಳುವುದು ಬೇರೆ ಕಡೆ. ಪ್ರತಿ ಕಾಪಿಯಲ್ಲೂ ಎತ್ತರದ, ಚೂಪಾದ ದನಿ ಸ್ವಲ್ಪ ಸವೆಯುತ್ತದೆ. ಮಾತಿನಲ್ಲಿ ಸ, ಶ, ತ, ಟ ಇವೆಲ್ಲ ಸ್ಪಷ್ಟವಾಗುವುದು ಆ ಭಾಗದಿಂದ. ಹಾಗಾಗಿ ನಾಲ್ಕನೇ ಕಾಪಿಯಲ್ಲಿ ಅರ್ಥಧಾರಿಯ, ಅಂದರೆ ಪಾತ್ರದ ಮಾತು ಆಡುವವರ ಮಾತು ಕಂಬಳಿಯೊಳಗಿಂದ ಬಂದ ಹಾಗೆ. ಯಂತ್ರದ ವೇಗ ಒಂದಿಷ್ಟು ಏರುಪೇರಾಗುವುದು ಸಹಜ, ಅದೂ ಪ್ರತಿ ಕಾಪಿಗೆ ಸೇರುತ್ತಾ ಹೋಗುತ್ತದೆ. ಮಾತಿನಲ್ಲಿ ಅದು ಗೊತ್ತಾಗುವುದಿಲ್ಲ. ತಂಬೂರಿ ಮಾತ್ರ ಬಿಡುವುದಿಲ್ಲ. ಒಂದೇ ಸಮನೆ ಮಿಡಿಯುವ ತಂತಿ ಅಲೆಅಲೆಯಾಗಿ ತೂಗಾಡಿತೆಂದರೆ ಯಂತ್ರದ ಗುಟ್ಟು ರಟ್ಟು.

ಕಾಪಿ ಮಾಡಿದ ವಿಧಾನವೂ ಲೆಕ್ಕಕ್ಕೆ ಬರುತ್ತದೆ. ಎರಡು ಯಂತ್ರಗಳನ್ನು ತಂತಿಯಲ್ಲಿ ಜೋಡಿಸಿ ಮಾಡಿದ್ದು ಒಂದು ಥರ. ಎರಡು ಟೇಪ್ ರೆಕಾರ್ಡರನ್ನು ಎದುರುಬದುರು ಕೂರಿಸಿ ಒಂದರ ಸ್ಪೀಕರಿಗೆ ಇನ್ನೊಂದರ ಮೈಕು ಒಡ್ಡಿ ಮಾಡಿದ್ದು ಇನ್ನೊಂದು ಥರ. ಎರಡನೆಯದರಲ್ಲಿ ಕುಕ್ಕರ್ ಸೀಟಿ, ನಾಯಿ, ಪಕ್ಕದ ಕೋಣೆಯ ಕೆಮ್ಮು ಎಲ್ಲ ಉಚಿತ. ಇನ್ನು ಎರಡು ಕ್ಯಾಸೆಟ್ ಹಿಡಿಯುವ ಎರಡು ಬಾಗಿಲಿನ ಡೆಕ್ಕಿನಲ್ಲಿ ಹೈಸ್ಪೀಡ್ ಡಬ್ಬಿಂಗ್ ಎಂಬ ಗುಂಡಿ ಇರುತ್ತಿತ್ತು. ಅರ್ಧ ಸಮಯದಲ್ಲಿ ಕೆಲಸ ಮುಗಿಯುತ್ತದೆ, ಚೂಪು ದನಿಯೂ ಹೋಗುತ್ತದೆ. ನಾನು ಕಾಲೇಜಿನಲ್ಲಿದ್ದಾಗ ಅಪ್ಪ ರೆಕಾರ್ಡ್ ಮಾಡಿದ ಒಂದು ಮಾಸ್ಟರನ್ನು ಪೇಟೆಯ ರೆಕಾರ್ಡಿಂಗ್ ಅಂಗಡಿಗೆ ಕೊಟ್ಟು ಕಾಪಿ ಮಾಡಿಸಿದ್ದೆ. ಬಸ್ಸಿಗೆ ಕಾಯುವಷ್ಟರಲ್ಲೇ ಆಗಿಹೋಯಿತು. ಆಗ ಖುಷಿಪಟ್ಟೆ. ಮನೆಗೆ ಬಂದು ಹಾಕಿದರೆ ಚಕ್ರತಾಳದ ದನಿಯೇ ಇಲ್ಲ, ಯಾರೋ ಚಿಟಿಕೆ ಹೊಡೆದ ಹಾಗೆ ಕೇಳುತ್ತದೆ.

ಇಷ್ಟೆಲ್ಲ ಇರುವುದರಿಂದ ಕ್ಯಾಸೆಟ್ ಬಳಗದಲ್ಲಿ ಎಲ್ಲಕ್ಕಿಂತ ಮೊದಲ ಪ್ರಶ್ನೆ "ಇದು ಎಷ್ಟನೇ ಕಾಪಿ?" ಅದನ್ನು ಕೇಳಿದರೆ ಅನುಮಾನ ಪಟ್ಟಂತೆ ಅಲ್ಲ. ಮುಚ್ಚಿಟ್ಟರೆ ಮಾತ್ರ ದೊಡ್ಡ ತಪ್ಪು.

ಕೇಳಿದರೇ ಗೊತ್ತಾಗುವ ಕಾಯಿಲೆಗಳು

ಕೆಟ್ಟ ದನಿಗೆಲ್ಲ ಕಾಪಿಯೇ ಕಾರಣವಲ್ಲ. ಕೆಲವು ಮಾಸ್ಟರಿನಲ್ಲೇ ಹುಟ್ಟಿದ ದೋಷ, ಕೆಲವು ಈಗ ನೀವು ಕೇಳುತ್ತಿರುವ ಯಂತ್ರದ್ದು. ಯಂತ್ರದ್ದಾದರೆ ಸರಿ ಮಾಡಬಹುದು.

ಮಲೆನಾಡಿನ ಕ್ಯಾಸೆಟ್ಟಿನಲ್ಲಿ ನಾನು ಜಾಸ್ತಿ ಕಂಡದ್ದು ಬ್ಯಾಟರಿ ಕಾಯಿಲೆ. ಕರೆಂಟು ಹೋಗುತ್ತಿತ್ತು, ಸೆಲ್ಲು ಹಾಕಿ ರೆಕಾರ್ಡ್ ಮಾಡುತ್ತಿದ್ದರು. ರಾತ್ರಿ ಕಳೆದ ಹಾಗೆ ಸೆಲ್ಲು ಇಳಿಯುತ್ತದೆ, ಮೋಟಾರು ನಿಧಾನವಾಗುತ್ತದೆ, ಅದೇ ಮಾತು ಕಡಿಮೆ ಉದ್ದದ ರೀಲಿನಲ್ಲಿ ಒತ್ತಿಕೊಂಡು ಕೂರುತ್ತದೆ. ನಾಳೆ ಸರಿಯಾದ ವೇಗದಲ್ಲಿ ಹಾಕಿದರೆ ಎಲ್ಲ ಅವಸರ. ಬೆಳಗಿನ ಜಾವದ ಹೊತ್ತಿಗೆ ಭೀಮನ ಅರ್ಥ ಹೇಳುವವರು ಚಿಕ್ಕ ಹುಡುಗನ ದನಿಯಲ್ಲಿ ಗದರುತ್ತಾರೆ. ವೇಗ 6 ಶೇಕಡಾ ಹೆಚ್ಚಾದರೆ ಶ್ರುತಿ ಹಾರ್ಮೋನಿಯಂನ ಒಂದು ಮನೆ ಏರುತ್ತದೆ: ಬಿಳಿ ಒಂದು ಇದ್ದದ್ದು ಕಪ್ಪು ಒಂದು. ಕಂಪ್ಯೂಟರಿನಲ್ಲಿ ಇದನ್ನು ಸರಿ ಮಾಡಬಹುದು. ಆದರೆ ಎಷ್ಟು ಇಳಿಸಬೇಕು ಅಂತ ಹೇಗೆ ತಿಳಿಯುವುದು? ಪದ್ಯ ಹಾಡುವ ಭಾಗವತರ ಖಾಯಂ ಶ್ರುತಿ ಗೊತ್ತಿದ್ದವರನ್ನು ಕೇಳುವುದು ಒಂದು ದಾರಿ. ಕರೆಂಟಿನಲ್ಲಿ ರೆಕಾರ್ಡ್ ಮಾಡಿದ್ದಾದರೆ ಇನ್ನೊಂದು ಉಪಾಯ ಉಂಟು. ನಮ್ಮ ದೇಶದ ಕರೆಂಟು ಸೆಕೆಂಡಿಗೆ 50 ಸಲ ತಿರುಗುತ್ತದೆ, ಅದರ "ಗುಂಯ್" ಸದ್ದು ಎಷ್ಟೋ ಕ್ಯಾಸೆಟ್ಟಿನಲ್ಲಿ ಸೇರಿರುತ್ತದೆ. ಆ ಗುಂಯ್ 53ಕ್ಕೆ ಕಂಡರೆ ರೀಲು 6 ಶೇಕಡಾ ಜೋರಾಗಿ ಓಡುತ್ತಿದೆ ಎಂದರ್ಥ. ಆಗಿನ ಕಾಲದಲ್ಲಿ ಕರೆಂಟೂ ಕರಾರುವಾಕ್ಕಾಗಿ 50ರಲ್ಲಿ ನಿಲ್ಲುತ್ತಿರಲಿಲ್ಲ, ಹಾಗಾಗಿ ಇದು ಅಂದಾಜು.

ಇನ್ನೊಂದು, ದನಿ ಉಸಿರಾಡುವುದು. ಸಾಧಾರಣ ಟೂ-ಇನ್-ಒನ್‌ಗಳಲ್ಲಿ ದನಿಯ ಮಟ್ಟವನ್ನು ಯಂತ್ರವೇ ಹೊಂದಿಸಿಕೊಳ್ಳುತ್ತದೆ. ಚಂಡೆ ಬಿದ್ದೊಡನೆ ಮಟ್ಟ ಇಳಿಸುತ್ತದೆ, ಸದ್ದಡಗಿದರೆ ಮೆಲ್ಲಗೆ ಏರಿಸುತ್ತದೆ. ಹೀಗಾಗಿ ಚಂಡೆ ನಿಂತ ಮರುಕ್ಷಣ ಭಾಗವತರ ದನಿ ಎಲ್ಲೋ ದೂರದಲ್ಲಿ, ಆಮೇಲೆ ಹತ್ತಿರ ಬಂದ ಹಾಗೆ. ಮೌನದಲ್ಲಿ ಎಲೆ ಅಡಿಕೆ ಡಬ್ಬಿ ಮುಚ್ಚಿದ್ದೂ ಕೇಳುತ್ತದೆ. ಇದು ಮಾಸ್ಟರಿನಲ್ಲೇ ಇರುವ ದೋಷ, ಯಾರನ್ನೂ ದೂರುವ ಹಾಗಿಲ್ಲ. ರೇಡಿಯೋದಿಂದ ಹಿಡಿದದ್ದೂ ಅಷ್ಟೇ. ಭದ್ರಾವತಿ ಆಕಾಶವಾಣಿಯಿಂದ ಮೀಡಿಯಂ ವೇವ್‌ನಲ್ಲಿ ಬಂದ ಕಚೇರಿಯಲ್ಲಿ ಎತ್ತರದ ದನಿ ಮೊದಲೇ ಕಡಿಮೆ. ಕ್ಯಾಸೆಟ್ ಅದನ್ನು ಎಲ್ಲಿಂದ ತರುತ್ತದೆ?

ಮೂರನೆಯದು ಹೆಡ್ಡಿನ ಓರೆ. ರೆಕಾರ್ಡ್ ಮಾಡಿದ ಹೆಡ್ಡೂ ಪ್ಲೇ ಮಾಡುವ ಹೆಡ್ಡೂ ರೀಲಿಗೆ ಒಂದೇ ಕೋನದಲ್ಲಿ ನಿಂತಿರಬೇಕು. ಆ 5 ಮೈಕ್ರಾನಿನ ಗೆರೆಗಳನ್ನು ನೆನಪಿಸಿಕೊಳ್ಳಿ. ಹೆಡ್ಡು ಕೂದಲೆಳೆಯಷ್ಟು ಓರೆಯಾದರೂ ಒಂದು ಗೆರೆಯ ಬದಲು ನಾಲ್ಕಾರು ಗೆರೆ ಒಟ್ಟಿಗೆ ಓದಿ ಎಲ್ಲ ಕಲಸುತ್ತದೆ. ಒಬ್ಬರ ಮನೆಯಲ್ಲಿ ಚೆನ್ನಾಗಿದ್ದ ಕ್ಯಾಸೆಟ್ ಇನ್ನೊಬ್ಬರ ಮನೆಯಲ್ಲಿ ಮಂಕಾಗುವುದು ಜಾಸ್ತಿ ಇದರಿಂದಲೇ. ಹೆಡ್ಡಿನ ಪಕ್ಕ ಸ್ಪ್ರಿಂಗ್ ಇರುವ ಸ್ಕ್ರೂ ಒಂದು ಇರುತ್ತದೆ. ಪ್ಲೇ ಮಾಡುತ್ತಲೇ ಸಣ್ಣ ಸ್ಕ್ರೂಡ್ರೈವರಿನಿಂದ ಅದನ್ನು ಬಹಳ ಮೆಲ್ಲಗೆ, ಕಾಲು ಸುತ್ತಿಗಿಂತ ಕಡಿಮೆ, ಆಚೀಚೆ ತಿರುಗಿಸಿ. ಒಂದು ಕಡೆ ತಾಳದ ಕಿಣಿ ಥಟ್ಟನೆ ತೆರೆದುಕೊಳ್ಳುತ್ತದೆ. ಅಲ್ಲಿ ನಿಲ್ಲಿಸಿ. ಕ್ಯಾಸೆಟ್ ಬದಲಾದರೆ ಮತ್ತೆ ನೋಡಿ. ಅದಕ್ಕೂ ಮೊದಲು ಹೆಡ್ಡನ್ನೂ ರಬ್ಬರ್ ರೋಲರನ್ನೂ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿರಬೇಕು. ಎಷ್ಟೋ ಸಲ ಅಷ್ಟರಲ್ಲೇ ಅರ್ಧ ಕಾಯಿಲೆ ವಾಸಿ.

ಡಾಲ್ಬಿ ಎಂಬ ಗುಂಡಿಯ ಬಗ್ಗೆ ಎರಡು ಮಾತು. ಡಾಲ್ಬಿ ಬಿ ಹಾಕಿ ರೆಕಾರ್ಡ್ ಮಾಡಿದರೆ ಮೆಲ್ಲನೆಯ ಚೂಪು ದನಿಗಳನ್ನು ಎತ್ತರಿಸಿ ಬರೆಯುತ್ತದೆ. ಪ್ಲೇ ಮಾಡುವಾಗ ಅಷ್ಟೇ ತಗ್ಗಿಸುತ್ತದೆ, ಜೊತೆಗೆ "ಸ್ಸ್" ಕೂಡ ಸುಮಾರು 10 ಡೆಸಿಬಲ್ ತಗ್ಗುತ್ತದೆ. ಎರಡೂ ಕಡೆ ಹಾಕಿದರೆ ಮಾತ್ರ ಲೆಕ್ಕ ಸರಿ. ಡಾಲ್ಬಿ ಇಲ್ಲದ ಕ್ಯಾಸೆಟ್ಟನ್ನು ಡಾಲ್ಬಿ ಒತ್ತಿ ಕೇಳಿದರೆ ಮಂಕು. ನಮ್ಮ ಮನೆಗಳ ಟೂ-ಇನ್-ಒನ್‌ಗಳಲ್ಲಿ ಸಾಮಾನ್ಯವಾಗಿ ಈ ಗುಂಡಿಯೇ ಇರುತ್ತಿರಲಿಲ್ಲ.

60, 90, 120

ಕ್ಯಾಸೆಟ್ಟಿನ ಮೇಲಿನ ನಂಬರು ಎರಡೂ ಸೈಡ್ ಸೇರಿದ ನಿಮಿಷ. ಡಬ್ಬಿ ಎಲ್ಲದಕ್ಕೂ ಒಂದೇ ಅಳತೆಯದ್ದು, ಜಾಸ್ತಿ ರೀಲು ತುಂಬಬೇಕಾದರೆ ತೆಳು ಮಾಡಲೇಬೇಕು. 60ರ ರೀಲು ಸುಮಾರು 18 ಮೈಕ್ರಾನ್ ದಪ್ಪ, 90ರದ್ದು 12, 120ರದ್ದು 9. ತೆಳು ರೀಲು ಬೇಗ ಹಿಗ್ಗುತ್ತದೆ, ರೋಲರಿಗೆ ಸುತ್ತಿಕೊಳ್ಳುತ್ತದೆ. ಪಕ್ಕದ ಸುತ್ತಿನ ದನಿ ಇದರ ಮೇಲೆ ಅಚ್ಚಾಗುವುದೂ ಉಂಟು. ಹಾಡು ಶುರುವಾಗುವ ಒಂದೆರಡು ಸೆಕೆಂಡು ಮೊದಲೇ ಅದೇ ಹಾಡು ಪಿಸುಗುಟ್ಟಿದ ಹಾಗೆ ಕೇಳಿದರೆ ಭೂತಚೇಷ್ಟೆಯಲ್ಲ, ಇದೇ. ಹಾಗಾಗಿ ವಿನಿಮಯಕ್ಕೆ 120 ಕೊಡುವುದೂ ಇಲ್ಲ, ತೆಗೆದುಕೊಳ್ಳುವುದೂ ಇಲ್ಲ.

ಮೂರು ಗಂಟೆಯ ಕಚೇರಿ ಎರಡು 90ರಲ್ಲಿ ಮುಗಿಯುತ್ತದೆ, ಕಾಗದದ ಲೆಕ್ಕದಲ್ಲಿ. ಕಚೇರಿ ಲೆಕ್ಕ ನೋಡಿಕೊಂಡು ನಡೆಯುವುದಿಲ್ಲವಲ್ಲ. ಮುಖ್ಯ ಕೃತಿಯ ಮಧ್ಯೆ ರೀಲು ಮುಗಿಯಬಾರದು ಎಂದು ತನಿ ಆವರ್ತನ, ಅಂದರೆ ಮೃದಂಗದ ಒಂಟಿ ಸರದಿ, ಶುರುವಾದ ಕೂಡಲೇ ಕ್ಯಾಸೆಟ್ ತಿರುಗಿಸುವವರು ಬಹಳ. ಎಷ್ಟೋ ಹಳೇ ಕ್ಯಾಸೆಟ್ಟಿನಲ್ಲಿ ಮೃದಂಗದವರ ತನಿ ತುಂಡಾಗಿರುವುದು ಹೀಗೆ. ಮೃದಂಗ ನುಡಿಸುವವರು ಇದನ್ನು ಕ್ಷಮಿಸಿಲ್ಲ, ಕ್ಷಮಿಸಬೇಕಾಗಿಯೂ ಇಲ್ಲ.

ಕೊಟ್ಟು ತರುವ ಮರ್ಯಾದೆ

ಅಮೆರಿಕದಲ್ಲಿ ಗ್ರೇಟ್‌ಫುಲ್ ಡೆಡ್ ಎಂಬ ವಾದ್ಯತಂಡ 1984ರಿಂದ ತನ್ನ ಕಾರ್ಯಕ್ರಮಗಳಲ್ಲಿ ರೆಕಾರ್ಡ್ ಮಾಡುವವರಿಗೇ ಬೇರೆ ಜಾಗ ಕೊಟ್ಟಿತು. ಷರತ್ತು ಒಂದೇ: ಹಂಚಿಕೊಳ್ಳಿ, ಮಾರಬೇಡಿ. ಅಲ್ಲಿಯ ಬಳಗದಲ್ಲಿ ಕೊಡಲು ಏನೂ ಇಲ್ಲದ ಹೊಸಬರು ಖಾಲಿ ಕ್ಯಾಸೆಟ್ಟೂ ಅಂಚೆ ಖರ್ಚೂ ಕಳಿಸಿದರೆ ತುಂಬಿಸಿ ಕಳಿಸುತ್ತಿದ್ದರು. ನಮ್ಮ ಅಪ್ಪನಿಗೆ ಆ ತಂಡದ ಹೆಸರೂ ಗೊತ್ತಿರಲಿಲ್ಲ. ಆದರೆ ಅವರೂ ಅವರ ಸ್ನೇಹಿತರೂ ಮಾಡುತ್ತಿದ್ದದ್ದು ಹೆಚ್ಚುಕಡಿಮೆ ಅದನ್ನೇ.

ಹಾಸನದ ಕಡೆ ಅವರಿಗೊಬ್ಬರು ಸ್ನೇಹಿತರಿದ್ದರು, ಅರಕಲಗೂಡು ತಾಲ್ಲೂಕಿನವರು. ಸಂಗೀತಗಾರರ ಊರು ರುದ್ರಪಟ್ಟಣ ಇರುವುದು ಅಲ್ಲೇ. ಹಿರಿಯ ಗಾಯಕ ಆರ್.ಕೆ. ಶ್ರೀಕಂಠನ್ ಅವರು 1920ರಲ್ಲಿ ಹುಟ್ಟಿದ್ದು ಅಲ್ಲಿ. ಆ ಸ್ನೇಹಿತರ ಹತ್ತಿರ ಕಚೇರಿಗಳು, ನಮ್ಮ ಹತ್ತಿರ ತಾಳಮದ್ದಳೆ. ಒಂದಕ್ಕೊಂದು. ಬದಲಿಗೆ ಕೊಡಲು ಏನೂ ಇಲ್ಲದವರು ಎರಡು ಖಾಲಿ ಕೊಟ್ಟರೆ ಒಂದು ತುಂಬಿಸಿ ಕೊಡುವ ರೂಢಿ. ಇನ್ನೊಂದು ಅಪ್ಪನ ಮುಂದಿನ ರೆಕಾರ್ಡಿಂಗಿಗೆ. ಇದನ್ನು ಲಾಭ ಎನ್ನುವಂತಿಲ್ಲ. ಒಂದು ಕಾಪಿ ಮಾಡುವುದೆಂದರೆ ಒಂದೂವರೆ ಗಂಟೆ ಯಂತ್ರದ ಪಕ್ಕ ಕೂರುವುದು, ಹೆಡ್ಡು ಸವೆಸುವುದು.

ಮಾಸ್ಟರ್ ಮಾತ್ರ ಮನೆ ಬಿಟ್ಟು ಹೋಗುತ್ತಿರಲಿಲ್ಲ. ಎಷ್ಟೇ ಹತ್ತಿರದವರಾಗಲಿ, "ಮನೆಗೆ ಬನ್ನಿ, ಇಲ್ಲೇ ಕಾಪಿ ಮಾಡಿಕೊಳ್ಳಿ, ಊಟ ಮಾಡಿಕೊಂಡು ಹೋಗಿ" ಎನ್ನುತ್ತಿದ್ದರು. ರೀಲು ಪ್ರತಿ ಸಲ ಓಡಿದಾಗಲೂ ಒಂದಿಷ್ಟು ಸವೆಯುತ್ತದೆ. ಗೊತ್ತಿಲ್ಲದ ಯಂತ್ರ ಒಂದೇ ಸಲಕ್ಕೆ ಅಗಿದೂ ಬಿಡಬಹುದು. ಈಗ ಮಾಸ್ಟರ್ ಕೇಳುವವರು ಇದನ್ನು ನೆನಪಿಡಬೇಕು: "ಕೊಡುವುದಿಲ್ಲ" ಅಂದರೆ ನಿಮ್ಮ ಮೇಲೆ ನಂಬಿಕೆ ಇಲ್ಲ ಎಂದಲ್ಲ.

ಕ್ಯಾಸೆಟ್ಟಿನ ಬೆನ್ನಿನಲ್ಲಿ ಎರಡು ಪ್ಲಾಸ್ಟಿಕ್ ಹಲ್ಲು ಇರುತ್ತವೆ, ಒಂದೊಂದು ಸೈಡಿಗೆ ಒಂದೊಂದು. ಅದನ್ನು ಮುರಿದರೆ ಯಂತ್ರ ರೆಕಾರ್ಡ್ ಗುಂಡಿ ಒತ್ತಲು ಬಿಡುವುದಿಲ್ಲ. ತುಂಬಿದ ತಕ್ಷಣ ಮುರಿಯುವುದು ನಿಯಮ. ನಮ್ಮ ಮನೆಯಲ್ಲೇ ಮುರಿಯದೆ ಬಿಟ್ಟ ಒಂದು ಕ್ಯಾಸೆಟ್ಟಿನಲ್ಲಿ ಹನ್ನೊಂದು ನಿಮಿಷ ಸಂವಾದ ಆದಮೇಲೆ ಥಟ್ಟನೆ ನಾನು ಮಗ್ಗಿ ಹೇಳುತ್ತೇನೆ. ಏಳನೇ ಮಗ್ಗಿ, ಅದೂ ತಪ್ಪು.

ಚೀಟಿ ಬರೆಯುವುದನ್ನು ಅಪ್ಪ ಪೂಜೆಯ ಹಾಗೆ ಮಾಡುತ್ತಿದ್ದರು. ಒಂದು ಇಲ್ಲಿದೆ: "ಬಾಳೆಹೊನ್ನೂರು, ಫೆಬ್ರವರಿ 1987, ರಾತ್ರಿ 9.40ರಿಂದ. ನಮ್ಮ ಯಂತ್ರ, ಕರೆಂಟು ಇತ್ತು. ಮೈಕು ಮದ್ದಳೆಯ ಎಡಕ್ಕೆ. ಎ ಸೈಡ್ ಕೊನೆಗೆ ಎರಡು ಪದ್ಯ ಇಲ್ಲ, ತಿರುಗಿಸುವಾಗ ಹೋಯಿತು. ಮಾಸ್ಟರ್." ಕೆಳಗೆ ಬೇರೆ ಶಾಯಿಯಲ್ಲಿ ಯಾರ್ಯಾರಿಗೆ ಕಾಪಿ ಕೊಟ್ಟಿದ್ದು ಎಂಬ ಪಟ್ಟಿ. ಚಿಕ್ಕವನಿದ್ದಾಗ "ಕರೆಂಟು ಇತ್ತು" ಎಂದು ಯಾಕೆ ಬರೆಯುತ್ತಾರೆ ಎಂದು ನಗುತ್ತಿದ್ದೆ. ಶ್ರುತಿ ಸರಿ ಇದೆ, ನಂಬಬಹುದು ಎಂದು ಅದರ ಅರ್ಥ. ಪಟ್ಟಿಗೂ ಕಾರಣ ಇದೆ. ಮಾಸ್ಟರ್ ಹಾಳಾದರೆ ಮೊದಲ ಕಾಪಿ ಯಾರ ಮನೆಯಲ್ಲಿದೆ ಎಂದು ಅದರಿಂದ ತಿಳಿಯುತ್ತದೆ.

ಎಷ್ಟನೇ ಕಾಪಿ ಎಂದು ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ" ಎಂದು ಬರೆಯಬೇಕು. ಅಂದಾಜಿಗೆ "ಮಾಸ್ಟರ್" ಎಂದು ಬರೆದರೆ ಮುಂದಿನವರು ಹುಡುಕುವುದನ್ನೇ ನಿಲ್ಲಿಸುತ್ತಾರೆ. ಅಷ್ಟರಲ್ಲಿ ನಿಜವಾದ ಮಾಸ್ಟರ್ ಯಾರದ್ದೋ ಅಟ್ಟದಲ್ಲಿ ಬೂಸ್ಟು ಹಿಡಿಯುತ್ತಿರುತ್ತದೆ. ಮೂರನೇ ಕಾಪಿ ಎಂದು ಹೇಳಿಯೇ ಕೊಟ್ಟ ಮೇಲೆ ಪಡೆದವರು ದನಿ ಸರಿಯಿಲ್ಲ ಎಂದು ಗೊಣಗುವುದೂ ಸಲ್ಲ.

ಕಂಪ್ಯೂಟರಿಗೆ ಇಳಿಸುವಾಗ

ಈಗ ವಿನಿಮಯ ಆಗುವುದು ಫೈಲುಗಳಲ್ಲಿ. ಇಲ್ಲಿ ಒಂದು ದೊಡ್ಡ ಅನುಕೂಲ: ಫೈಲಿನ ಕಾಪಿ ಎಷ್ಟನೆಯದಾದರೂ ಒಂದೇ, ಸವೆಯುವುದಿಲ್ಲ. ಹಾಗಾಗಿ ರೀಲಿನಿಂದ ಇಳಿಸುವ ಒಂದು ಸಲ ಸರಿಯಾಗಿ ಮಾಡಿದರೆ ಸಾಕು.

ಟೇಪ್ ರೆಕಾರ್ಡರಿನ ಲೈನ್ ಔಟ್ ಅಥವಾ ಹೆಡ್‌ಫೋನ್ ತೂತಿನಿಂದ ತಂತಿ ಎಳೆದು ಕಂಪ್ಯೂಟರಿಗೆ ಕೊಡಬೇಕು. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಮೈಕಿನ ತೂತು ಮಾತ್ರ ಇರುವುದರಿಂದ ನಡುವೆ ಯುಎಸ್‌ಬಿ ಸೌಂಡ್ ಕಾರ್ಡ್ ಬೇಕು. ಆಡಾಸಿಟಿ ಎಂಬ ಉಚಿತ ತಂತ್ರಾಂಶ ಸಾಕು. ಸ್ಪೀಕರ್ ಮುಂದೆ ಫೋನ್ ಹಿಡಿದು ರೆಕಾರ್ಡ್ ಮಾಡಿದರೆ ನಾವು ಮತ್ತೆ ಎದುರುಬದುರು ಕಾಲಕ್ಕೆ ಹೋದ ಹಾಗೆ. ವೇವ್ ಅಥವಾ ಫ್ಲ್ಯಾಕ್ ರೂಪದಲ್ಲಿ ಉಳಿಸಿ. ಸಿಡಿಯ ಗುಣಮಟ್ಟದ ವೇವ್ ನಿಮಿಷಕ್ಕೆ ಸುಮಾರು 10.5 ಎಂಬಿ, ಅಂದರೆ 90ರ ಕ್ಯಾಸೆಟ್ಟಿಗೆ ಹೆಚ್ಚುಕಡಿಮೆ 950 ಎಂಬಿ. ಫ್ಲ್ಯಾಕ್ ಅದನ್ನೇ ಏನೂ ಕಳೆಯದೆ ಮಡಚಿಡುತ್ತದೆ, ಸುಮಾರು ಅರ್ಧ ಜಾಗ ಸಾಕು. ಎಂಪಿ3 ಹಾಗಲ್ಲ. ಕಿವಿಗೆ ಗೊತ್ತಾಗಲಿಕ್ಕಿಲ್ಲ ಎಂದು ತಾನೇ ತೀರ್ಮಾನಿಸಿ ಕೆಲವು ಭಾಗ ಬಿಸಾಡುತ್ತದೆ. 128 ಕೆಬಿಪಿಎಸ್‌ನಲ್ಲಿ ನಿಮಿಷಕ್ಕೆ 1 ಎಂಬಿ ಸಾಕಾಗುವುದು ಅದಕ್ಕೇ. ಕೇಳಲು ಎಂಪಿ3 ಕಳಿಸಿದರೆ ತಪ್ಪಿಲ್ಲ, ಹೇಳಿ ಕಳಿಸಿ. ಎಂಪಿ3ಯನ್ನು ಮತ್ತೆ ವೇವ್ ಮಾಡಿ "ಒರಿಜಿನಲ್" ಎಂದು ಕೊಡುವವರೂ ಇದ್ದಾರೆ. ನೀರು ಕಾಫಿಯನ್ನು ದೊಡ್ಡ ಲೋಟಕ್ಕೆ ಸುರಿದರೆ ಗಟ್ಟಿಯಾಗುತ್ತದಾ?

ಸದ್ದು ತೆಗೆಯುವ ಸೌಲಭ್ಯದ ಬಗ್ಗೆ ಎಚ್ಚರ. ಮೊದಲ ಸಲ ನಾನು ಒಂದು ಕಚೇರಿಯನ್ನು ಸ್ವಚ್ಛ ಮಾಡಲು ಹೋಗಿ, ಹಾಡು ಶುರುವಾಗುವ ಮೊದಲಿನ ಐದು ಸೆಕೆಂಡು ಆರಿಸಿ "ಇದೇ ಗದ್ದಲ, ಇದನ್ನು ಎಲ್ಲ ಕಡೆ ತೆಗೆ" ಎಂದೆ. ತೆಗೆಯಿತು. ಆ ಐದು ಸೆಕೆಂಡಿನಲ್ಲಿ ತಂಬೂರಿಯೂ ಇತ್ತು. ಒಂದೇ ಸಮನೆ ಕೇಳುವ ಸದ್ದೆಲ್ಲ ಯಂತ್ರದ ಲೆಕ್ಕದಲ್ಲಿ ಗದ್ದಲವೇ. ಎರಡು ಗಂಟೆಯ ಕಚೇರಿಯಲ್ಲಿ ಗಾಯಕರು ಶ್ರುತಿಯಿಲ್ಲದೆ ಒಬ್ಬರೇ ನೀರಿನೊಳಗೆ ಹಾಡಿದ ಹಾಗೆ ಆಯಿತು. ಅಂದಿನಿಂದ ನಾನು ಕೊಡುವುದು ಏನೂ ಮುಟ್ಟದ ಫೈಲು. ಬೇಕಿದ್ದರೆ ಪಕ್ಕದಲ್ಲಿ ತಿದ್ದಿದ್ದು ಇನ್ನೊಂದು. ಕೆಮ್ಮು, ಮೈಕ್ ಪರೀಕ್ಷೆ, ವಂದನಾರ್ಪಣೆ ಯಾವುದನ್ನೂ ಕತ್ತರಿಸುವುದಿಲ್ಲ. ಯಾವ ಊರು, ಯಾವ ದಿನ ಎಂದು ತಿಳಿಯುವುದು ಎಷ್ಟೋ ಸಲ ಆ ವಂದನಾರ್ಪಣೆಯಿಂದಲೇ.

ಕ್ಯಾಸೆಟ್ ನಿಮ್ಮದು, ಹಾಡು?

1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಾಡಿದವರಿಗೆ, ಅರ್ಥ ಹೇಳಿದವರಿಗೆ ತಮ್ಮ ಪ್ರದರ್ಶನದ ಮೇಲೆ ಹಕ್ಕು ಇದೆ. ಅದು ಪ್ರದರ್ಶನದ ಮರುವರ್ಷದ ಆರಂಭದಿಂದ 50 ವರ್ಷ. ದಾಸರ ಪದ ಯಾರ ಸ್ವತ್ತೂ ಅಲ್ಲ. ಆದರೆ ಅದನ್ನು ಅವತ್ತು ಹಾಡಿದ ರೀತಿ ಹಾಡಿದವರದ್ದು. ಸ್ವಂತಕ್ಕೆ ಕೇಳಲು, ಅಭ್ಯಾಸಕ್ಕೆ ಬಳಸುವುದಕ್ಕೆ ಕಾಯ್ದೆ ಅವಕಾಶ ಕೊಡುತ್ತದೆ. ಮಾರುವುದು, ಲೋಕಕ್ಕೆಲ್ಲ ಕೇಳುವಂತೆ ಹಾಕುವುದು ಬೇರೆ ಮಾತು. ಅದಕ್ಕೆ ಕಲಾವಿದರನ್ನೋ ಅವರ ಮನೆಯವರನ್ನೋ ಕೇಳಬೇಕು. ನನ್ನ ಅನುಭವದಲ್ಲಿ ಕೇಳಿದರೆ ಬೇಡ ಎಂದವರು ಕಡಿಮೆ. ಕೇಳದೆ ಹಾಕಿದರೆ ನೊಂದುಕೊಂಡವರು ಜಾಸ್ತಿ. ಕೊಟ್ಟವರನ್ನು ಕೇಳದೆ ಮೂರನೆಯವರಿಗೆ ದಾಟಿಸಬಾರದು ಎನ್ನುವ ಹಳೇ ನಿಯಮವೂ ಇದೇ ಜಾತಿಗೆ ಸೇರಿದ್ದು.

ಬೂಸ್ಟು, ಮಳೆ ಮತ್ತು ಬಸ್ಸು

ಮಳೆ ಕಡಿಮೆಯ ಕಡೂರು, ಅರಸೀಕೆರೆ ಕಡೆಯ ಕ್ಯಾಸೆಟ್ಟುಗಳು ಧೂಳು ಬಿಟ್ಟರೆ ಚೆನ್ನಾಗಿರುತ್ತವೆ. ಶೃಂಗೇರಿ, ಕಳಸ, ಕೊಪ್ಪದ್ದು ಹಾಗಲ್ಲ. ಕಿಟಕಿಯಿಂದ ನೋಡಿದರೆ ರೀಲಿನ ಅಂಚಿನ ಮೇಲೆ ಬಿಳಿ ಪುಡಿಯಂತೆ ಕಾಣುವುದು ಬೂಸ್ಟು. ಅದನ್ನು ಹಾಗೇ ಯಂತ್ರಕ್ಕೆ ಹಾಕಬೇಡಿ. ಹೆಡ್ಡಿಗೆ ಅಂಟಿ ಮುಂದಿನ ಕ್ಯಾಸೆಟ್ಟಿಗೂ ಹೋಗುತ್ತದೆ. ಮೊದಲು ಬೇರೆ ಡಬ್ಬದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಟ್ಟು ಒಣಗಿಸಿ. ಬಿಸಿಲಿಗೆ ಇಡಬೇಡಿ, ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಆಮೇಲೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಮನೆಯ ಹೊರಗೆ ಒಣ ಮೆತ್ತನೆ ಬ್ರಷ್ಷಿನಿಂದ ಒರೆಸಬೇಕು. ಸ್ಕ್ರೂ ಇರುವ ಕ್ಯಾಸೆಟ್ಟಾದರೆ ಬಿಚ್ಚಿ ರೀಲನ್ನು ಬೇರೆ ಡಬ್ಬಿಗೆ ದಾಟಿಸುವುದು ಸುಲಭ. ತುಂಡಾದ ರೀಲಿಗೆ ಸೆಲ್ಲೋಟೇಪ್ ಹಚ್ಚಬೇಡಿ. ಅದರ ಅಂಟು ಕಾಲಕ್ರಮೇಣ ಹೊರಬಂದು ಅಕ್ಕಪಕ್ಕದ ಸುತ್ತುಗಳನ್ನೆಲ್ಲ ಹಿಡಿಯುತ್ತದೆ. ರೀಲು ಜೋಡಿಸುವುದಕ್ಕೇ ಬೇರೆ ಟೇಪು ಸಿಗುತ್ತದೆ.

ಬಸ್ಸಿನಲ್ಲಿ ಕಳಿಸುವಾಗ ರೀಲನ್ನು ಪೂರ್ತಿ ಒಂದು ಕಡೆಗೆ ಸುತ್ತಿ, ಅಲುಗದ ಹಾಗೆ ಕಾಗದ ತುರುಕಿ, ಪ್ಲಾಸ್ಟಿಕ್ ಕವರಿನೊಳಗೆ ಹಾಕಿ. ಡಬ್ಬದ ಮೇಲಷ್ಟೇ ಅಲ್ಲ, ಒಳಗೂ ಒಂದು ಚೀಟಿಯಲ್ಲಿ ವಿಳಾಸ ಬರೆದಿಡಿ. ಮಳೆಗಾಲದಲ್ಲಿ ಕಳಿಸಲೇಬೇಡಿ. ಕಳಸದ ಒಬ್ಬರ ಹತ್ತಿರ 1980ರ ದಶಕದ ಹತ್ತು ಕ್ಯಾಸೆಟ್ ಇವೆ, ಎಲ್ಲ ಮಾಸ್ಟರ್ ಎನ್ನುತ್ತಾರೆ. ಕಳಿಸುವುದು ಬೇಡ, ನಾನೇ ಯಂತ್ರ ಹೊತ್ತು ಬರುತ್ತೇನೆ ಎಂದಿದ್ದೇನೆ. ನವರಾತ್ರಿ ಕಳೆಯಲಿ, ದಾರಿ ಒಣಗಲಿ ಎಂದಿದ್ದಾರೆ. ಊಟಕ್ಕೆ ಅಲ್ಲೇ ಅಂತೆ.